ಫಾಸ್ಟ್ ಫುಡ್ ಬಿಲ್ಲಿನಲ್ಲಿ ಕಾಣದ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಫಾಸ್ಟ್ ಫುಡ್ ಅಂದರೆ ಪಿಜ್ಜಾ, ಬರ್ಗರ್ ಮಾತ್ರವೇ?

ಅಲ್ಲ. ಸಂಜೆ ಬೀದಿ ಮೂಲೆಯಲ್ಲಿ ನಿಲ್ಲುವ ಗೋಬಿ ಗಾಡಿ, ಕಬಾಬ್ ಅಂಗಡಿ, ಬೇಕರಿಯ ಪಫ್, ಮಾಲ್‌ನ ಚೈನ್ ಮಳಿಗೆ, ಆ್ಯಪ್‌ನಲ್ಲಿ ತರಿಸುವ ಫ್ರೈಡ್ ರೈಸ್ ಎಲ್ಲವೂ ಇದರಲ್ಲಿ ಸೇರುತ್ತವೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳೂ ಒಂದು ಬಗೆಯ ಫಾಸ್ಟ್ ಫುಡ್ಡೇ. ಟೋಕನ್ ತೆಗೆದುಕೊಂಡು, ನಿಂತೇ ತಿಂದು, ಹತ್ತು ನಿಮಿಷದಲ್ಲಿ ಹೊರಗೆ. ಆದರೆ ಅಲ್ಲಿ ಇಡ್ಲಿ ಹಬೆಯಲ್ಲಿ ಬೇಯುತ್ತದೆ, ಸ್ಟೀಲ್ ತಟ್ಟೆ ತೊಳೆದು ಮತ್ತೆ ಬಳಕೆಗೆ ಬರುತ್ತದೆ. ಹಾಗಾಗಿ ಬೇಗ ಕೊಡುವುದೇ ತಪ್ಪು ಎಂದು ಹೇಳಲಾಗದು. ಬೇಗವೂ ಬೇಕು, ಅಗ್ಗವೂ ಆಗಬೇಕು, ಮನೆ ಬಾಗಿಲಿಗೂ ಬರಬೇಕು ಎಂದಾಗ ಖರ್ಚಿನ ಒಂದು ಭಾಗವನ್ನು ಬೇರೆ ಯಾರದೋ ತಲೆಗೆ ಕಟ್ಟಬೇಕಾಗುತ್ತದೆ. ಈ ಪುಟ ಇರುವುದು ಆ ಭಾಗದ ಲೆಕ್ಕಕ್ಕೆ.

ಹೋಟೆಲಿನಲ್ಲಿ 160 ರೂಪಾಯಿಯ ತಿಂಡಿ ಆ್ಯಪ್‌ನಲ್ಲಿ 275 ಆಗುವುದು ಹೇಗೆ?

ಒಂದು ಮಾದರಿ ಲೆಕ್ಕ ಹಾಕೋಣ. ನಿಮ್ಮ ಊರಿನ ದರ ಹಾಕಿಕೊಂಡು ನೀವೂ ಮಾಡಿ ನೋಡಬಹುದು.

ಅಂಗಡಿಯ ಬೋರ್ಡಿನಲ್ಲಿ ಬೆಲೆ 160. ಆ್ಯಪ್‌ನ ಮೆನುವಿನಲ್ಲಿ ಅದೇ ತಿಂಡಿಗೆ 200. ಪ್ಯಾಕಿಂಗ್ 15 ಸೇರಿ 215. ಇದಕ್ಕೆ ಶೇ 5 ಜಿಎಸ್‌ಟಿ, 10.75. ಡೆಲಿವರಿ 30, ಪ್ಲಾಟ್‌ಫಾರ್ಮ್ ಫೀ 12, ಒಟ್ಟು 42. ಇವೆರಡರ ಮೇಲೆ ಶೇ 18 ಜಿಎಸ್‌ಟಿ, 7.56. ಕೂಡಿದರೆ 275 ರೂಪಾಯಿ 31 ಪೈಸೆ.

ಈಗ ಹೋಟೆಲಿನವರ ಕೈಗೆ ಎಷ್ಟು ಬಂತು ನೋಡಿ. ಆ್ಯಪ್ ಕಮಿಷನ್ ಶೇ 25 ಎಂದಿಟ್ಟುಕೊಂಡರೆ 200ಕ್ಕೆ 50 ಹೋಯಿತು. ಆ ಕಮಿಷನ್ ಮೇಲೂ ಶೇ 18 ಜಿಎಸ್‌ಟಿ ಇದೆ, ಅದು 9. ಶೇ 5ರ ಸ್ಕೀಮ್‌ನಲ್ಲಿರುವ ಹೋಟೆಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲವಾದ್ದರಿಂದ ಆ 9 ವಾಪಸ್ ಬರುವುದಿಲ್ಲ. 215ರಲ್ಲಿ 59 ಕಳೆದರೆ 156. ಅಂದರೆ ಆ್ಯಪ್‌ನಲ್ಲಿ ಬೆಲೆ ಏರಿಸಿದ್ದು ಹೆಚ್ಚು ದುಡಿಯಲು ಅಲ್ಲ, 160ರ ಹತ್ತಿರಕ್ಕಾದರೂ ಮರಳಿ ಬರಲು. ಮೇಲೆ ‘ಶೇ 50 ರಿಯಾಯಿತಿ’ ಎಂಬ ಪಟ್ಟಿ ಕಂಡರೆ, ಅದರಲ್ಲೊಂದು ಪಾಲನ್ನು ಸಾಮಾನ್ಯವಾಗಿ ಹೋಟೆಲೇ ಹೊರುತ್ತದೆ. ಅದನ್ನು ತುಂಬಿಕೊಳ್ಳಲು ಇರುವ ದಾರಿ ಮೂರೇ: ಮೆನು ಬೆಲೆ ಏರಿಸುವುದು, ಪ್ರಮಾಣ ತಗ್ಗಿಸುವುದು, ಅಗ್ಗದ ಸಾಮಾನು ಬಳಸುವುದು. ಮೂರನೆಯದು ಬಿಲ್ಲಿನಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ವಹಿವಾಟು ಕಡಿಮೆ ಇರುವ, ಜಿಎಸ್‌ಟಿ ನೋಂದಣಿಯೇ ಬೇಡದ ಪುಟ್ಟ ಹೋಟೆಲಿನಲ್ಲಿ ನೇರವಾಗಿ ಕೊಂಡರೆ ತೆರಿಗೆ ಇಲ್ಲ. ಅದೇ ಹೋಟೆಲಿನಿಂದ ಆ್ಯಪ್ ಮೂಲಕ ತರಿಸಿದರೆ ಶೇ 5 ಬೀಳುತ್ತದೆ. 2022ರ ಜನವರಿ 1ರಿಂದ ಆ ತೆರಿಗೆ ವಸೂಲಿ ಮಾಡಿ ಕಟ್ಟುವ ಹೊಣೆ ಆ್ಯಪ್ ಕಂಪನಿಯದು.

ಕಾಂಬೊ ತೆಗೆದುಕೊಂಡರೆ ಲಾಭವಲ್ಲವೇ?

ಲಾಭ ಅಂಗಡಿಗೆ. ಚೈನ್ ಮಳಿಗೆಯ ಯಂತ್ರದಿಂದ ಬರುವ ಕೋಲಾದಲ್ಲಿ ಸಾಮಾನ್ಯವಾಗಿ ಒಂದು ಪಾಲು ಸಿರಪ್ಪಿಗೆ ಐದು ಪಾಲು ಸೋಡಾ ನೀರು ಇರುತ್ತದೆ, ಮೇಲೆ ಐಸ್. ಅವರಿಗೆ ಅತಿ ಕಡಿಮೆ ಖರ್ಚಿನ ಸಾಮಾನು ಅದೇ. ಬರ್ಗರ್‌ಗೆ ‘ಇನ್ನು 60 ಕೊಟ್ಟರೆ’ ಎಂದು ಸೇರಿಸುವುದು ಅದನ್ನೂ ಆಲೂ ಫ್ರೈಸನ್ನೂ.

ನಿಮ್ಮ ಕಡೆಯ ಲೆಕ್ಕ ಬೇರೆ. ಕೋಲಾದಲ್ಲಿ 100 ಮಿ.ಲೀ.ಗೆ ಹತ್ತರಿಂದ ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ. 500 ಮಿ.ಲೀ. ಕುಡಿದರೆ 50 ಗ್ರಾಂ ದಾಟಿತು, ಅಂದರೆ ಹನ್ನೆರಡು ಹದಿಮೂರು ಟೀ ಚಮಚ. ದಿನಕ್ಕೆ 2000 ಕಿಲೊ ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿಯೇ 50 ಗ್ರಾಂ, 25ರೊಳಗಿದ್ದರೆ ಇನ್ನೂ ಒಳ್ಳೆಯದು.

ಗೋಬಿ, ಕಬಾಬ್‌ಗೆ ಬಣ್ಣ ಹಾಕುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದೇಕೆ?

2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದ ವರದಿ ಪ್ರಕಾರ, ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಹಾಗೇ. ಅದೇ ಜೂನ್‌ನಲ್ಲಿ ಕಬಾಬ್ ಸರದಿ: 39ರಲ್ಲಿ 8 ಮಾದರಿಗಳಲ್ಲಿ ಸನ್‌ಸೆಟ್ ಯೆಲ್ಲೊ ಮತ್ತು ಕಾರ್ಮೊಯಿಸಿನ್ ಎಂಬ ಕೃತಕ ಬಣ್ಣಗಳು. ಉಲ್ಲಂಘಿಸಿದವರಿಗೆ ಏಳು ವರ್ಷದಿಂದ ಜೀವಾವಧಿವರೆಗೆ ಸೆರೆ, 10 ಲಕ್ಷದವರೆಗೆ ದಂಡ ಎಂದು ಸರ್ಕಾರ ಹೇಳಿತು.

ಇಲ್ಲಿ ಎರಡು ಬಗೆಯ ಬಣ್ಣಗಳನ್ನು ಬೇರೆ ಮಾಡಿ ನೋಡಬೇಕು. ರೋಡಮೈನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ಯಾವ ಆಹಾರಕ್ಕೂ ಅದಕ್ಕೆ ಅನುಮತಿ ಇಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ಮುಂತಾದವಕ್ಕೆ ಕೆಲವು ಸಿಹಿ ತಿಂಡಿ, ಪಾನೀಯಗಳಲ್ಲಿ ಮಿತಿಯೊಳಗೆ ಅನುಮತಿ ಇದೆ, ಗೋಬಿ ಕಬಾಬ್‌ಗಳಿಗೆ ಇಲ್ಲ. ‘ಇದು ಫುಡ್ ಕಲರ್ರೇ ಸಾರ್, ಪ್ಯಾಕೆಟ್ ಮೇಲೆ ಬರೆದಿದೆ’ ಎಂದು ಅಂಗಡಿಯವರು ಹೇಳುವುದು ಈ ಗೊಂದಲದಿಂದಲೇ.

ಬಣ್ಣದ ಹಿಂದೆಯೂ ಖರ್ಚಿನ ಲೆಕ್ಕವೇ ಇದೆ. ಕಡುಗೆಂಪು ಬರಬೇಕಾದರೆ ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ ಬೇಕು. ಅದು ದುಬಾರಿ, ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಅದರ ಬಣ್ಣ ಕಪ್ಪಾಗುತ್ತದೆ. ಒಂದು ಚಿಟಿಕೆ ಪುಡಿ ಬಣ್ಣ ಐದು ಕೆ.ಜಿ. ಕೋಳಿಯನ್ನು ಕೆಂಪು ಮಾಡುತ್ತದೆ, ಹಳೆಯ ಮಾಂಸವನ್ನೂ ಹೊಸದರಂತೆ ತೋರಿಸುತ್ತದೆ.

ಮನೆಯಲ್ಲಿ ಮಾಡುವುದಾದರೆ ಅರ್ಧ ಕೆ.ಜಿ. ಕೋಳಿಗೆ ಎಂಟರಿಂದ ಹತ್ತು ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ, ಬಿಸಿ ನೀರಿನಲ್ಲಿ 20 ನಿಮಿಷ ನೆನೆಸಿ, ನೀರು ಕಡಿಮೆ ಹಾಕಿ ನುಣ್ಣಗೆ ರುಬ್ಬಿ. ಶುಂಠಿ ಬೆಳ್ಳುಳ್ಳಿ, ಉಪ್ಪು, ಒಂದು ಚಮಚ ನಿಂಬೆರಸ, ಎರಡು ಚಮಚ ಅಕ್ಕಿ ಹಿಟ್ಟು ಬೆರೆಸಿ ಒಂದು ಗಂಟೆ ಇಡಿ. ಬಣ್ಣ ಇಟ್ಟಿಗೆ ಕೆಂಪಾಗಿ ಬರುತ್ತದೆ. ಟ್ರಾಫಿಕ್ ಸಿಗ್ನಲ್ಲಿನ ಕೆಂಪು ಬಾರದು, ಕಬಾಬ್‌ಗೆ ಅದು ಬರಲೂಬಾರದು.

ತಂದ ಗೋಬಿಯಲ್ಲಿ ಬಣ್ಣ ಇದೆಯೇ ಎಂದು ಮನೆಯಲ್ಲೇ ತಿಳಿಯಬಹುದೇ?

ಅಂದಾಜು ಮಾಡಬಹುದು. ಸಾಸ್ ಇಲ್ಲದ ಡ್ರೈ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಬಿಡಿ, ಕಲಕಬೇಡಿ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು, ಜಿಡ್ಡಿನ ಜೊತೆ ಮೇಲೆ ತೇಲುತ್ತದೆ. ಕೃತಕ ಬಣ್ಣ ನೀರಿನಲ್ಲಿ ಕರಗುವಂಥದ್ದಾದರೆ ಗೆರೆ ಗೆರೆಯಾಗಿ ಕೆಳಗಿಳಿಯುತ್ತದೆ. ಕೈಗೆ ಅಂಟಿದ ಕೆಂಪು ಸೋಪು ಹಾಕಿದರೂ ಬೇಗ ಹೋಗದಿದ್ದರೆ ಅದೂ ಒಂದು ಸುಳಿವು. ಆದರೆ ಟೊಮೆಟೊ ಸಾಸ್ ಇದ್ದರೆ ಈ ಪರೀಕ್ಷೆ ಕೆಲಸ ಮಾಡದು, ಯಾವ ಬಣ್ಣ, ಎಷ್ಟು ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಇಷ್ಟನ್ನೇ ನಂಬಿ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ.

ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು? ಕೆಟ್ಟಿದ್ದು ಗೊತ್ತಾಗುವುದು ಹೇಗೆ?

ಇಡೀ ಉದ್ಯಮದಲ್ಲಿ ಅತಿ ಹೆಚ್ಚು ಉಳಿತಾಯ ನಡೆಯುವುದು ಬಾಣಲೆಯಲ್ಲೇ. ಸ್ವಲ್ಪ ವಿವರವಾಗಿ ನೋಡೋಣ.

ಕಾದ ಎಣ್ಣೆಗೆ ಹೂಕೋಸು ಬಿದ್ದಾಗ ಅದರ ನೀರು ಎಣ್ಣೆಯನ್ನು ಒಡೆಯುತ್ತದೆ. ಗಾಳಿಯ ಆಮ್ಲಜನಕ ಎಣ್ಣೆಯನ್ನು ಮುಗ್ಗಲು ಮಾಡುತ್ತದೆ. ಬಿಸಿಗೆ ಎಣ್ಣೆಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಮಂದವಾಗುತ್ತವೆ. ಉದುರಿದ ಮೈದಾ, ಮಸಾಲೆ ತಳದಲ್ಲಿ ಸುಟ್ಟು ಈ ಮೂರನ್ನೂ ಚುರುಕಾಗಿಸುತ್ತವೆ. ಬಾಣಲೆಯ ಮೇಲೆಯೇ ಉಪ್ಪು ಉದುರಿಸುವ ಅಭ್ಯಾಸದಿಂದಲೂ ಎಣ್ಣೆ ಬೇಗ ಕೆಡುತ್ತದೆ. ಹೀಗೆ ಹುಟ್ಟಿದ ಕೆಟ್ಟ ಅಂಶಗಳನ್ನೆಲ್ಲ ಸೇರಿಸಿ ಅಳೆಯುವ ಲೆಕ್ಕಕ್ಕೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಚಿಕ್ಕದಾಗಿ ಟಿಪಿಸಿ ಎನ್ನುತ್ತಾರೆ. ಭಾರತದಲ್ಲಿ 2018ರ ಜುಲೈ 1ರಿಂದ ಇದು ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಅಳೆಯಲು ಥರ್ಮಾಮೀಟರಿನಂತೆ ಎಣ್ಣೆಗೆ ಅದ್ದುವ ಮೀಟರ್ ಇದೆ, ದೊಡ್ಡ ಅಡುಗೆಮನೆಗಳಲ್ಲಿ ಕಾಣಬಹುದು. ಗಾಡಿಯಲ್ಲಿ ಕಾಣುವುದು ಕಷ್ಟ.

ಮೀಟರ್ ಇಲ್ಲದಿದ್ದರೆ ಕಣ್ಣು, ಮೂಗು ಸಾಕು. ತುಂಡು ಎತ್ತಿದ ಮೇಲೂ ಸಣ್ಣ ಗುಳ್ಳೆಯ ನೊರೆ ಇಳಿಯದೆ ನಿಂತರೆ, ಜಾಲರಿಯಿಂದ ಎಣ್ಣೆ ಹನಿಯಾಗಿ ಬೀಳದೆ ದಾರದಂತೆ ಜಾರಿದರೆ, ಸಾಮಾನು ಹಾಕುವ ಮೊದಲೇ ಹೊಗೆ ಬಂದರೆ, ಎಣ್ಣೆ ಮುಗಿದಿದೆ. ತಿಂದ ಮೇಲೆ ಗಂಟಲು ಕೆರೆದರೂ ಅದೇ. ಬಣ್ಣ ಒಂದನ್ನೇ ನಂಬಬೇಡಿ: ಮಸಾಲೆ ಕೋಳಿ ಕರಿದ ಎಣ್ಣೆ ಮೊದಲ ದಿನವೇ ಕಪ್ಪಾಗುತ್ತದೆ, ಬರೀ ಪೂರಿ ಕರಿದದ್ದು ಕೆಟ್ಟ ಮೇಲೂ ತಿಳಿಯಾಗಿ ಕಾಣಬಹುದು.

ಹಳೆಯ ಎಣ್ಣೆಗೆ ಹೊಸದು ಸುರಿಯುತ್ತ ಹೋಗುವುದೇ ದೊಡ್ಡ ತಪ್ಪು. ಅದರಿಂದ ಹಳೆಯದು ಒಳ್ಳೆಯದಾಗುವುದಿಲ್ಲ, ಹೊಸದು ಬೇಗ ಕೆಡುತ್ತದೆ. ಮನೆಯಲ್ಲಿ ಅಗಲ ಬಾಣಲೆ ಬಿಟ್ಟು ಕಿರಿದಾದ, ಆಳದ ಬಾಣಲೆಯಲ್ಲಿ 250ರಿಂದ 300 ಮಿ.ಲೀ. ಎಣ್ಣೆ ಇಡಿ. ಶಾಖ 170ರಿಂದ 180 ಡಿಗ್ರಿ ಸಾಕು: ಹಿಟ್ಟಿನ ಹನಿ ಹಾಕಿದರೆ ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿನಲ್ಲಿ ಮೇಲೇಳಬೇಕು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟು, ಎರಡು ಮೂರು ದಿನದಲ್ಲಿ ಒಗ್ಗರಣೆ, ಪಲ್ಯಕ್ಕೆ ಮುಗಿಸಿ. ಮತ್ತೆ ಕರಿಯಲೇಬೇಕೆಂದರೆ ಒಟ್ಟು ಮೂರು ಸಲಕ್ಕೆ ನಿಲ್ಲಿಸಿ.

ಹೋಟೆಲಿನ ಹಳೆಯ ಎಣ್ಣೆ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಹೋಗಬೇಕಾದದ್ದು ಬಯೊಡೀಸೆಲ್ ಘಟಕಕ್ಕೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಆಗಸ್ಟ್‌ನಲ್ಲಿ ಇದಕ್ಕಾಗಿಯೇ ‘ರುಕೊ’ ಯೋಜನೆ ಆರಂಭಿಸಿತು. 2019ರ ಮಾರ್ಚ್ 1ರಿಂದ, ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಎಷ್ಟು ಕೊಂಡರು, ಎಷ್ಟು ಬಿಸಾಡಿದರು ಎಂಬ ಲೆಕ್ಕ ಬರೆದು, ನೋಂದಾಯಿತ ಸಂಗ್ರಹಕಾರರಿಗೇ ಕೊಡಬೇಕು. ಅದಕ್ಕಿಂತ ಕಡಿಮೆ ಬಳಸುವವರು ಈ ಲೆಕ್ಕದಿಂದ ಹೊರಗೆ. ಸಮಸ್ಯೆ ಹುಟ್ಟುವುದು ಇಲ್ಲಿಯೇ: ದೊಡ್ಡ ಅಡುಗೆಮನೆಯ ಮುಗಿದ ಎಣ್ಣೆ ಕಡಿಮೆ ದರಕ್ಕೆ ಸಣ್ಣ ಗಾಡಿಗಳಿಗೆ ಹೋಗುವ ದಾರಿ ಪೂರ್ತಿ ಮುಚ್ಚಿಲ್ಲ. ಮಾರಾಟವಾಗದ್ದು ಚರಂಡಿಗೆ. ಅಲ್ಲಿ ತಣ್ಣಗಾಗಿ ಗಟ್ಟಿಯಾಗಿ ಮ್ಯಾನ್‌ಹೋಲ್ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸುವ ಖರ್ಚು ನೀರಿನ ಬಿಲ್ಲು, ತೆರಿಗೆಯ ರೂಪದಲ್ಲಿ ಗೋಬಿ ತಿನ್ನದವರೂ ಕಟ್ಟುತ್ತಾರೆ.

ಪಾಮ್ ಎಣ್ಣೆ, ಡಾಲ್ಡಾ ಇವೆಲ್ಲ ಒಂದೇನಾ?

ಒಂದೇ ಅಲ್ಲ. ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್ ಕೊಬ್ಬು. ಕಾಯಿಸಿದರೆ ಬೇಗ ಕೆಡದು, ಅಗ್ಗ, ಹಾಗಾಗಿ ಕರಿಯುವವರಿಗೆ ಅಚ್ಚುಮೆಚ್ಚು. ನಮಗೆ ಬರುವುದು ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾದಿಂದ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ಕೆಲವು ವಾರ ರಫ್ತು ನಿಲ್ಲಿಸಿದಾಗ ಇಲ್ಲಿನ ಬಜ್ಜಿ ಗಾಡಿಯವರೆಗೆ ಬಿಸಿ ತಟ್ಟಿತು. ಆ ತೋಟಗಳಿಗಾಗಿ ಅಲ್ಲಿ ಕಡಿದ ಮಳೆಕಾಡಿನ ಬೆಲೆ ಯಾವ ಬಿಲ್ಲಿನಲ್ಲೂ ಇಲ್ಲ. ಡಾಲ್ಡಾ ಎಂದು ನಾವು ಕರೆಯುವ ವನಸ್ಪತಿಯ ತೊಂದರೆ ಟ್ರಾನ್ಸ್ ಕೊಬ್ಬು. ಭಾರತದಲ್ಲಿ ಅದರ ಮಿತಿ 2021ರ ಜನವರಿಯಿಂದ ಶೇ 3, 2022ರ ಜನವರಿಯಿಂದ ಶೇ 2. ಬಿಡಿಯಾಗಿ ಮಾರುವ ಪಫ್, ಖಾರಿಗಳಲ್ಲಿ ಲೇಬಲ್ ಇಲ್ಲದ್ದರಿಂದ ತಿಳಿಯುವುದು ಕಷ್ಟ. ಅಂಗುಳಿಗೆ ಮೇಣದಂತೆ ಅಂಟುವ ಪಫ್ಫಿನಲ್ಲಿ ಬೆಣ್ಣೆ ಇಲ್ಲ ಎಂದು ಮಾತ್ರ ಹೇಳಬಹುದು.

ಟೇಸ್ಟಿಂಗ್ ಪೌಡರ್ ವಿಷವೇ?

ಅಷ್ಟು ಭಯ ಬೇಡ. ಅಜಿನೊಮೊಟೊದಲ್ಲಿ ಸೋಡಿಯಂ ಸುಮಾರು ಶೇ 12, ಅಡುಗೆ ಉಪ್ಪಿನಲ್ಲಿ ಶೇ 39. ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಉಪ್ಪಿನ ಬಗ್ಗೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಲೇಬಲ್ಲಿನಲ್ಲಿ ಸೋಡಿಯಂ ಮಿಲಿಗ್ರಾಂನಲ್ಲಿ ಇರುತ್ತದೆ. ಅದನ್ನು 2.5ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಉಪ್ಪು ಗ್ರಾಂನಲ್ಲಿ ಬರುತ್ತದೆ. 1000 ಮಿ.ಗ್ರಾಂ ಸೋಡಿಯಂ ಇದ್ದರೆ 2.5 ಗ್ರಾಂ ಉಪ್ಪು, ಒಂದೇ ಹೊತ್ತಿಗೆ ಅರ್ಧ ದಿನದ ಪಾಲು ಮುಗಿಯಿತು. ಟೇಸ್ಟಿಂಗ್ ಪೌಡರಿನ ನಿಜವಾದ ತೊಂದರೆ ಎಂದರೆ, ಸಾರವಿಲ್ಲದ ಸಾಮಾನನ್ನೂ ರುಚಿ ಎನಿಸುವಂತೆ ಮಾಡುತ್ತದೆ.

ಕ್ಯಾಲೊರಿ ಬರೆಯಬೇಕೆಂಬ ನಿಯಮ ಇದೆಯಲ್ಲ, ಅದು ಎಲ್ಲಿ ಕಾಣುತ್ತದೆ?

ಹತ್ತು ಅಥವಾ ಹೆಚ್ಚು ಕಡೆ ಮಳಿಗೆ ಇರುವ ಚೈನ್‌ಗಳು ಮೆನುವಿನಲ್ಲೇ ಪ್ರತಿ ತಿಂಡಿಯ ಎದುರು ಕ್ಯಾಲೊರಿ ತೋರಿಸಬೇಕು. ನೋಡುವಾಗ ‘ಒಂದು ಸರ್ವಿಂಗ್’ ಎಷ್ಟು ಎಂದು ಗಮನಿಸಿ. ಪಿಜ್ಜಾದಲ್ಲಿ ಅದು ಒಂದು ತುಂಡು ಆಗಿರಬಹುದು, ನೀವು ತಿನ್ನುವುದು ನಾಲ್ಕು. ಶಾಲಾ ಆವರಣದಲ್ಲಿ ಮತ್ತು ಅದರ ಗೇಟಿನಿಂದ 50 ಮೀಟರ್‌ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿ ಮಾರಬಾರದೆಂಬ 2020ರ ನಿಯಮವೂ ಇದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ನೋಡಿದರೆ ಆ ನಿಯಮದ ಸ್ಥಿತಿ ತಿಳಿಯುತ್ತದೆ.

ಆರೋಗ್ಯದ ಖರ್ಚು ಇದರಿಂದಲೇ ಎಂದು ಹೇಳಬಹುದೇ?

ಇದೊಂದರಿಂದಲೇ ಎಂದು ಹೇಳುವುದು ಉತ್ಪ್ರೇಕ್ಷೆ. ಆದರೆ ಭಾರತದ ಒಟ್ಟು ರೋಗಭಾರದ ಶೇ 56.4ಕ್ಕೆ ಸರಿಯಿಲ್ಲದ ಆಹಾರ ಕ್ರಮವೇ ಕಾರಣ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಮಾತ್ರೆ, ರಕ್ತ ಪರೀಕ್ಷೆ, ಆಸ್ಪತ್ರೆಗೆ ಹೋದ ದಿನದ ಕೂಲಿ ನಷ್ಟ ಇವೆಲ್ಲ ಮನೆಯ ದುಡ್ಡು, ಅಗ್ಗದ ಕಾಂಬೊ ಮಾರಿದವರದಲ್ಲ.

ಡೆಲಿವರಿ ಹುಡುಗರಿಗೆ ಒಂದು ಆರ್ಡರ್‌ಗೆ ಉಳಿಯುವುದೆಷ್ಟು?

ಬೈಕಿನ ಖರ್ಚಿನಿಂದ ಲೆಕ್ಕ ಹಾಕಿ. ಹೋಟೆಲಿಗೆ 2 ಕಿ.ಮೀ., ಅಲ್ಲಿಂದ ನಿಮ್ಮ ಮನೆಗೆ 4, ಮತ್ತೆ ಆರ್ಡರ್ ಸಿಗುವ ಜಾಗಕ್ಕೆ 4, ಒಟ್ಟು 10 ಕಿ.ಮೀ. ಟ್ರಾಫಿಕ್‌ನಲ್ಲಿ ಲೀಟರಿಗೆ 45 ಕಿ.ಮೀ., ಪೆಟ್ರೋಲ್ 103 ಎಂದರೆ ಸುಮಾರು 23 ರೂಪಾಯಿ. ಟೈರು, ಆಯಿಲ್, ಸರ್ವಿಸ್‌ಗೆ ಕಿ.ಮೀ.ಗೆ ಒಂದು ರೂಪಾಯಿ ಸೇರಿಸಿದರೆ 33. ವಾಪಸ್ ಬರುವ ದೂರಕ್ಕೆ, ಹೋಟೆಲ್ ಬಾಗಿಲಲ್ಲಿ ಕಾದ ಇಪ್ಪತ್ತು ನಿಮಿಷಕ್ಕೆ ದುಡ್ಡು ಸಿಗದಿದ್ದರೆ ಆ ಖರ್ಚು ಅವರ ಜೇಬಿನದು. ‘ಫ್ರೀ ಡೆಲಿವರಿ’ ಎಂಬ ಪದವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಓದಿ.

ಆ್ಯಪ್ ಮೂಲಕ ದುಡಿಯುವ ಇಂಥ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು, ಕೆಲಸದಿಂದ ತೆಗೆಯುವ ಮೊದಲು ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕು.

ಅಮೆರಿಕದಲ್ಲಿ ಇದೇ ಪ್ರಶ್ನೆ ಅಂಗಡಿಯೊಳಗಿನ ಕೆಲಸಗಾರರದು. ಸರ್ಕಾರಿ ಆಹಾರ ಕೂಪನ್, ವೈದ್ಯಕೀಯ ನೆರವು ಪಡೆಯುವವರು ಹೆಚ್ಚಾಗಿ ದುಡಿಯುವ ಕಂಪನಿಗಳ ಸಾಲಿನಲ್ಲಿ ಮೆಕ್‌ಡೊನಾಲ್ಡ್ಸ್ ಕೂಡ ಇದೆ ಎಂದು ಅಲ್ಲಿನ ಸರ್ಕಾರಿ ಲೆಕ್ಕಪತ್ರ ಕಚೇರಿಯೇ 2020ರಲ್ಲಿ ವರದಿ ಮಾಡಿತು. ಸಂಬಳ ಸಾಲದಿದ್ದಷ್ಟನ್ನು ತೆರಿಗೆದಾರರು ತುಂಬಿದಂತಾಯಿತು.

ರೈತರಿಗೆ ಇದರಿಂದ ಒಳ್ಳೆಯ ಮಾರುಕಟ್ಟೆ ಸಿಕ್ಕಿತಲ್ಲವೇ?

ಕೆಲವರಿಗೆ ಸಿಕ್ಕಿದೆ. ಆದರೆ ಷರತ್ತುಗಳು ಕೊಳ್ಳುವವರದು. ಫ್ರೈಸ್‌ಗೆ ಉದ್ದನೆಯ, ಒಣ ಅಂಶ ಶೇ 20 ದಾಟಿದ, ಸಕ್ಕರೆ ಕಡಿಮೆ ಇರುವ ಗೆಡ್ಡೆ ಬೇಕು. ಹಾಸನದ ಮಳೆಗಾಲದ ಆಲೂಗಡ್ಡೆ ಸಾರು, ಪಲ್ಯಕ್ಕೆ ಸರಿ, ಈ ಅಳತೆಗೆ ಸಾಮಾನ್ಯವಾಗಿ ಹೊಂದದು, ಮೇಲಾಗಿ ಅಂಗಮಾರಿ ರೋಗದ ಕಾಟ. ಹಾಗಾಗಿ ಫ್ರೋಜನ್ ಫ್ರೈಸ್‌ನ ದೊಡ್ಡ ಬೆಳೆ, ಕಾರ್ಖಾನೆ ಗುಜರಾತಿನ ಮೆಹ್ಸಾಣದ ಕಡೆ. ಗೆಡ್ಡೆಯನ್ನು ತೀರಾ ತಣ್ಣಗೆ ಇಟ್ಟರೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಂದಾಗುತ್ತದೆ, ಅಕ್ರಿಲಮೈಡ್ ಎಂಬ ಹಾನಿಕರ ಅಂಶ ಹೆಚ್ಚುತ್ತದೆ. ಮನೆಯಲ್ಲೂ ಕರಿಯುವ ಆಲೂಗಡ್ಡೆ ಫ್ರಿಜ್‌ನಲ್ಲಿ ಇಡಬೇಡಿ. ಹೆಚ್ಚಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಹೊಂಬಣ್ಣಕ್ಕೆ ಬಂದಾಗಲೇ ತೆಗೆಯಿರಿ.

ಕೋಳಿಯಲ್ಲಿ ಒಪ್ಪಂದದ ಸಾಕಣೆ ಹೆಚ್ಚು. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ಕರೆಂಟು, ನೀರು, ಕೂಲಿ ರೈತರದು. ಆರು ವಾರ ಸಾಕಿ ಕೆ.ಜಿ. ಲೆಕ್ಕದಲ್ಲಿ ಸಾಕಣೆ ಕೂಲಿ ಪಡೆಯುತ್ತಾರೆ. ಬೇಸಿಗೆಯಲ್ಲಿ ಮರಿ ಸತ್ತರೆ, ಮೇವು ಹೆಚ್ಚು ತಿಂದರೆ ಆ ಕೂಲಿಯೇ ಇಳಿಯುತ್ತದೆ. ಒಂದು ಕೆ.ಜಿ. ತೂಕ ಬರಲು ಸುಮಾರು 1.6ರಿಂದ 1.7 ಕೆ.ಜಿ. ಮೇವು ಬೇಕು, ಅದರಲ್ಲಿ ಹೆಚ್ಚಿನದು ಮೆಕ್ಕೆಜೋಳ, ಸೋಯಾ. ಕಾಯಿಲೆ ಬರದಿರಲೆಂದು, ಬೇಗ ಬೆಳೆಯಲೆಂದು ಕೊಡುವ ಆ್ಯಂಟಿಬಯೋಟಿಕ್ ಇನ್ನೊಂದು ಗುಪ್ತ ಖರ್ಚು: ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಪ್ರಾಣಿಗಳಿಗೆ ಬಳಸುವುದನ್ನು ಭಾರತ 2019ರ ಜುಲೈನಲ್ಲಿ ನಿಷೇಧಿಸಬೇಕಾಯಿತು.

ಈ ವಾದ ನಮ್ಮಲ್ಲಿ ಹೊಸದಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತ ಸಂಘ 1996ರ ಜನವರಿ 30ರಂದು ಬೆಂಗಳೂರಿನ ಕೆಎಫ್‌ಸಿ ಮಳಿಗೆಗೆ ನುಗ್ಗಿತ್ತು. ಗಾಜು ಒಡೆದದ್ದು ಸರಿಯೇ ಎಂಬುದು ಬೇರೆ ಚರ್ಚೆ, ಆದರೆ ಕೋಳಿ ಯಾರ ಜೋಳ ತಿನ್ನುತ್ತದೆ ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ.

ಪಾರ್ಸೆಲ್ ಡಬ್ಬಿ, ಕಾಗದ, ಪ್ಲಾಸ್ಟಿಕ್: ಯಾವುದು ವಾಸಿ?

ನಿಮ್ಮ ಸ್ಟೀಲ್ ಡಬ್ಬಿ. ನ್ಯೂಸ್‌ಪೇಪರಿನಲ್ಲಿ ಬಜ್ಜಿ ಕಟ್ಟುವುದು ನಿಯಮಬಾಹಿರ, ಶಾಯಿ ಎಣ್ಣೆಯ ಜೊತೆ ತಿಂಡಿಗೆ ಇಳಿಯುತ್ತದೆ. ಎಣ್ಣೆ ಹೀರದ ಕಾಗದಕ್ಕೆ ಬಳಿಯುತ್ತಿದ್ದ ಪಿಎಫ್‌ಎಎಸ್ ರಾಸಾಯನಿಕ ಪರಿಸರದಲ್ಲಿ ಕೊಳೆಯದೆ ಬಹುಕಾಲ ಉಳಿಯುತ್ತದೆ. ಡೆನ್ಮಾರ್ಕ್ ಅದನ್ನು ಆಹಾರದ ಕಾಗದದಲ್ಲಿ 2020ರಲ್ಲಿ ನಿಷೇಧಿಸಿತು, ಅಮೆರಿಕದಲ್ಲಿ ಅದರ ಮಾರಾಟ ನಿಂತಿತೆಂದು 2024ರಲ್ಲಿ ಪ್ರಕಟವಾಯಿತು. ಬಿಸಿ ಸಾಂಬಾರು ತೆಳು ಕವರಿನಲ್ಲಿ ಬೇಡ. 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ತಪಾಸಣೆಯಾದ 251 ಕಡೆಗಳಲ್ಲಿ 52ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು ಕಂಡುಬಂತು. ದರ್ಶಿನಿಯನ್ನು ಮೇಲೆ ಹೊಗಳಿದ್ದಕ್ಕೆ ಈ ತಿದ್ದುಪಡಿ ಸೇರಿಸಲೇಬೇಕು.

ಪಿಜ್ಜಾ ಡಬ್ಬಿಯ ಜಿಡ್ಡು ಹಿಡಿದ ತಳ ಮರುಬಳಕೆಗೆ ಬಾರದು, ಅದನ್ನು ಹರಿದು ಹಸಿ ಕಸಕ್ಕೆ, ಶುಚಿಯಾದ ಮುಚ್ಚಳ ಒಣ ಕಸಕ್ಕೆ. ಪ್ಲಾಸ್ಟಿಕ್ ಡಬ್ಬಿ ತೊಳೆದು ಕೊಡಿ. ತೊಳೆಯದ್ದನ್ನು ಕೈಯಿಂದ ಬಿಡಿಸುವವರು ಪೌರಕಾರ್ಮಿಕರು.

ಹೆಚ್ಚು ತೆರಿಗೆ ಹಾಕಿದರೆ ಸರಿಹೋಗುತ್ತದೆಯೇ?

ಕೇರಳ 2016ರಲ್ಲಿ ಬ್ರ್ಯಾಂಡೆಡ್ ಮಳಿಗೆಗಳ ಬರ್ಗರ್, ಪಿಜ್ಜಾ ಮುಂತಾದವಕ್ಕೆ ಶೇ 14.5 ‘ಕೊಬ್ಬಿನ ತೆರಿಗೆ’ ಹಾಕಿತು. ಮರುವರ್ಷ ಜಿಎಸ್‌ಟಿ ಬಂದು ಅದು ಹೋಯಿತು. ಡೆನ್ಮಾರ್ಕ್ 2011ರಲ್ಲಿ ತಂದದ್ದನ್ನು ಸುಮಾರು ಒಂದು ವರ್ಷದಲ್ಲೇ ಕೈಬಿಟ್ಟಿತು. ಮೆಕ್ಸಿಕೊ 2014ರಿಂದ ಸಿಹಿ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ಹಾಕಿದ್ದು ಉಳಿಯಿತು, ಮಾರಾಟವೂ ಇಳಿಯಿತು. ಒಂದೇ ಸಾಮಾನಿನ ಮೇಲೆ, ಅಳತೆಗೆ ತಕ್ಕಂತೆ ಹಾಕಿದ್ದು ನಿಂತಿತು ಎಂಬುದು ನಮ್ಮ ಓದು.

ದೂರು ಕೊಡುವುದಾದರೆ ಹೇಗೆ?

ಬಿಲ್ ಕೇಳಿ ಪಡೆಯಿರಿ. ಅದರಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ತಿಂಡಿಯ ಉಳಿದ ಭಾಗವನ್ನು ಮುಚ್ಚಿ ಫ್ರಿಜ್‌ನಲ್ಲಿಡಿ, ಡಬ್ಬಿ, ಬಿಲ್ಲಿನ ಫೋಟೊ ತೆಗೆಯಿರಿ, ದಿನ, ಹೊತ್ತು ಬರೆದುಕೊಳ್ಳಿ. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಅಥವಾ 1800-112-100ಕ್ಕೆ ದೂರು ಕೊಡಿ. ಬೆಲೆ, ಬಲವಂತದ ಸರ್ವಿಸ್ ಚಾರ್ಜ್ ಬಗ್ಗೆ ಆದರೆ ಗ್ರಾಹಕರ ಸಹಾಯವಾಣಿ 1915. ಪ್ರಯೋಗಾಲಯದ ಪರೀಕ್ಷೆಗೆ ಲೆಕ್ಕಕ್ಕೆ ಬರುವುದು ಅಧಿಕಾರಿ ಸ್ಥಳದಲ್ಲೇ ತೆಗೆದ ಮಾದರಿ, ನೀವು ಮನೆಯಿಂದ ಒಯ್ದದ್ದು ಸಾಮಾನ್ಯವಾಗಿ ಸಾಕಾಗದು. ಹಾಗಾಗಿ ಆ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಎಣ್ಣೆ ಕಾಯಿಸುವುದು ಯಾವಾಗ ಎಂಬುದನ್ನೂ ದೂರಿನಲ್ಲಿ ಬರೆಯಿರಿ.